ಸೆಕೆಂಡ್ ಹ್ಯಾಂಡ್ ಕಾರು: ಓನರ್ ಹತ್ತಿರವೋ, ಕನ್ಸಲ್ಟೆಂಟ್ ಹತ್ತಿರವೋ, ಕಂಪನಿ ಮಳಿಗೆಯಲ್ಲೋ?

ಮೂರು ವರ್ಷದ ಹಿಂದೆ ಒಂದೇ ವಾರದಲ್ಲಿ ತುಮಕೂರಿನಲ್ಲಿ ಮೂರು ವ್ಯಾಗನ್ ಆರ್ ನೋಡಿದೆ. ಮೂರೂ 2018ರ ಪೆಟ್ರೋಲ್ ಗಾಡಿ. ಮೂರಕ್ಕೂ ಕೆಎ 06 ನಂಬರ್. ಮೀಟರಿನಲ್ಲಿ ಮೂರೂ ಐವತ್ತು ಸಾವಿರ ಕಿಲೋಮೀಟರಿನ ಆಸುಪಾಸು. ಮರಳೂರು ಕಡೆಯ ಒಬ್ಬ ರಿಟೈರ್ಡ್ ಮೇಷ್ಟ್ರು ಮನೆ ಮುಂದೆ ನಿಲ್ಲಿಸಿದ್ದ ಗಾಡಿಗೆ 3.60 ಲಕ್ಷ ಹೇಳಿದರು. ಹಳೆ ಗಾಡಿ ಕೊಡಿಸುವ ಊರಿನ ಒಬ್ಬ ಕನ್ಸಲ್ಟೆಂಟ್ 3.85 ಅಂದರು. ಕಂಪನಿಯ ಹಳೆ ಕಾರಿನ ಮಳಿಗೆಯಲ್ಲಿ 4.35.

"ಅದೇ ಗಾಡಿಗೆ ಮುಕ್ಕಾಲು ಲಕ್ಷ ಯಾಕೆ ಜಾಸ್ತಿ ಕೊಡ್ಬೇಕು?" ಅಂದರು ನಮ್ಮ ಭಾವ. ನನಗೂ ಸರಿ ಅನ್ನಿಸಿತು. ಮೇಷ್ಟ್ರ ಗಾಡಿಯ ಸಾಲ ತೀರಿತ್ತು, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಅದನ್ನು ತೆಗೆಸಲು ಯಾರು ಓಡಾಡುತ್ತಾರೆ ಅಂತ ಸೋಮಾರಿತನ ಮಾಡಿದೆ. ನಡುವಿನ ರೇಟಿನ ಗಾಡಿ ಕೊಂಡೆ.

ಮೂರನೇ ತಿಂಗಳಿಗೆ ಕ್ಲಚ್ ಹೋಯಿತು. ಬಿಚ್ಚಿ ನೋಡಿದ ಮೆಕ್ಯಾನಿಕ್, "ಸಾರ್, ಇದು ಐವತ್ತು ಸಾವಿರ ಓಡಿದ ಗಾಡಿ ಅಲ್ಲ, ಲಕ್ಷ ದಾಟಿದೆ" ಅಂದ. ಆರ್‌ಸಿ ನನ್ನ ಹೆಸರಿಗೆ ಬರಲು ಏಳು ತಿಂಗಳಾಯಿತು. ಫೋನ್ ಮಾಡಿದಾಗಲೆಲ್ಲ ಕನ್ಸಲ್ಟೆಂಟ್ ಕಡೆಯಿಂದ ಒಂದೇ ಉತ್ತರ: "ನೋಡಿಯೇ ತಗೊಂಡ್ರಿ ಅಲ್ವಾ ಸಾರ್?" ನಿಜ, ನೋಡಿಯೇ ತಗೊಂಡಿದ್ದೆ. ಅತ್ತ ಮೇಷ್ಟ್ರ ಗಾಡಿಯನ್ನು ನಮ್ಮ ಬೀದಿಯವರೇ ಒಬ್ಬರು ಕೊಂಡರು. ಇವತ್ತಿಗೂ ಸದ್ದಿಲ್ಲದೆ ಓಡುತ್ತಿದೆ. ದಿನಾ ಬೆಳಗ್ಗೆ ನಮ್ಮ ಗೇಟಿನ ಮುಂದೆಯೇ ಹೋಗುತ್ತದೆ.

ಆಮೇಲೆ ಕೂತು ಲೆಕ್ಕ ಹಾಕಿದಾಗ ತಿಳಿಯಿತು. ಮೂರು ಕಡೆ ಮೂರು ಬೆಲೆ ಇದ್ದದ್ದು ಗಾಡಿಯ ಹಣೆಬರಹ ನೋಡಿ ಅಲ್ಲವೇ ಅಲ್ಲ. ನಾಳೆ ಏನಾದರೂ ಕೆಟ್ಟರೆ, ಕಾಗದಪತ್ರ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ, ಆ ತಲೆನೋವು ಯಾರ ಪಾಲಿಗೆ ಬರಬೇಕು ಅನ್ನೋದಕ್ಕೆ ಕೊಡುವ ದುಡ್ಡು ಅದು. ನಾನು ಮೇಷ್ಟ್ರಿಗಿಂತ 25 ಸಾವಿರ ಜಾಸ್ತಿ ಕೊಟ್ಟೆ, ತಲೆನೋವು ಮಾತ್ರ ಪೂರ್ತಿ ನನ್ನ ಹತ್ತಿರವೇ ಉಳಿಯಿತು. ಅದೇ ನನ್ನ ತಪ್ಪು. ಹಾಗಾಗಿ ಕೆಳಗೆ ಬರೆದಿರುವ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆ ಇಟ್ಟುಕೊಂಡೇ.

ನೇರ ಓನರ್ ಕೈಯಿಂದ

ಎಲ್ಲಕ್ಕಿಂತ ಕಡಿಮೆ ಬೆಲೆ ಇಲ್ಲೇ. ಗಾಡಿಯ ನಿಜವಾದ ಕಥೆ ಸಿಗುವುದೂ ಇಲ್ಲೇ. ತುಮಕೂರಿನಂಥ ಊರಲ್ಲಿ ಇದು ದೊಡ್ಡ ಅನುಕೂಲ. ಗಾಡಿ ನೋಡಲು ಹೋದವರು ಪಕ್ಕದ ಅಂಗಡಿಯಲ್ಲಿ ಒಂದು ಟೀ ಕುಡಿದರೆ ಸಾಕು, ಅದು ದಿನಾ ಬೆಂಗಳೂರಿಗೆ ಹೋಗಿ ಬರುತ್ತಿತ್ತಾ, ಭಾನುವಾರ ಸಿದ್ಧಗಂಗೆಗೆ ಮಾತ್ರ ಹೋಗುತ್ತಿತ್ತಾ ಅನ್ನೋದು ಗೊತ್ತಾಗುತ್ತದೆ. ಮನೆ ನೋಡಿ. ಗಾಡಿಗೆ ನೆರಳಿದೆಯಾ, ಮಳೆಯಲ್ಲಿ ನೆನೆಯುತ್ತಾ ನೋಡಿ. ಸರ್ವಿಸ್ ಬಿಲ್ಲುಗಳನ್ನು ಒಂದು ಕವರಿನಲ್ಲಿ ಜೋಡಿಸಿಟ್ಟವರು ಗಾಡಿಯನ್ನೂ ಹಾಗೇ ನೋಡಿಕೊಂಡಿರುತ್ತಾರೆ ಅನ್ನೋದು ನನ್ನ ನಂಬಿಕೆ. ಇಲ್ಲಿಯವರೆಗೆ ಅದು ಸುಳ್ಳಾಗಿಲ್ಲ.

ಆದರೆ ಕಾಗದದ ಕೆಲಸ ಪೂರ್ತಿ ನಿಮ್ಮ ತಲೆ ಮೇಲೆ. ಮಾರುವವರು ಫಾರಂ 29, ಅಂದರೆ ಗಾಡಿ ಮಾರಿದೆ ಅಂತ ತಿಳಿಸುವ ಕಾಗದ, ಎರಡು ಪ್ರತಿ ಸಹಿ ಮಾಡಬೇಕು. ಹೆಸರು ವರ್ಗಾವಣೆಯ ಅರ್ಜಿ ಫಾರಂ 30 ಇಬ್ಬರೂ ತುಂಬಬೇಕು. ಸಾಲ ಇದ್ದಿದ್ದರೆ ಬ್ಯಾಂಕಿನ ಎನ್‌ಒಸಿ, ಜತೆಗೆ ಬ್ಯಾಂಕಿನ ಹೆಸರು ತೆಗೆಸಲು ಅವರ ಸಹಿ ಇರುವ ಫಾರಂ 35. ನಾನು ಅಂದು ಹೆದರಿದ್ದು ಈ ಒಂದು ಫಾರಂಗೆ. ಆಮೇಲೆ ನೋಡಿದರೆ ಅದು ಬ್ಯಾಂಕಿಗೆ ಒಂದು ಸಲ, ಆರ್‌ಟಿಒಗೆ ಒಂದು ಸಲ ಹೋಗಿ ಬರುವ ಕೆಲಸ, ಅಷ್ಟೇ. ಕಾನೂನಿನ ಪ್ರಕಾರ ಇದೇ ರಾಜ್ಯದ ಒಳಗೆ ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ಅರ್ಜಿ ಹಾಕಬೇಕು. ಜಿಲ್ಲೆಯಲ್ಲಿ ತಿಪಟೂರು ಕೆಎ 44, ಮಧುಗಿರಿ ಕೆಎ 64. ಆ ಕಡೆಯ ಗಾಡಿಯಾದರೆ ಯಾವ ಆಫೀಸಿಗೆ ಹೋಗಬೇಕು ಅಂತ ಮೊದಲೇ ನೋಡಿಕೊಳ್ಳಿ.

ಮಾರುವವರಿಗೂ ಒಂದು ಮಾತು, ಯಾಕೆಂದರೆ ಹಳೆ ಕಾರು ಕೊಳ್ಳುವವರು ಎಷ್ಟೋ ಸಲ ಇನ್ನೊಂದು ಹಳೆ ಕಾರು ಮಾರುತ್ತಲೂ ಇರುತ್ತಾರೆ. ದುಡ್ಡು ಬಂತು, ಕೀ ಕೊಟ್ಟೆ, ಮುಗೀತು ಅಂದುಕೊಳ್ಳಬೇಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಆ ಕಾರು ಮೊದಲ ಓನರಿನಿಂದ ಕೈಯಿಂದ ಕೈಗೆ ಹೋಗಿ ಅಪಘಾತವಾಗಿತ್ತು. ಆರ್‌ಸಿಯಲ್ಲಿ ಮಾತ್ರ ಮೊದಲಿನವರ ಹೆಸರೇ ಇತ್ತು. ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿದ್ದವರದ್ದೇ ಅಂತ ಕೋರ್ಟ್ ಹೇಳಿತು. ಹಾಗಾಗಿ ನಿಮ್ಮ ಹೆಸರಿಗೆ ವರ್ಗವಾಗುವವರೆಗೆ ಬೆನ್ನು ಬಿಡದ ಓನರ್ ಸಿಕ್ಕರೆ ಬೇಸರ ಮಾಡಿಕೊಳ್ಳಬೇಡಿ, ಅವರು ತಿಳಿದವರು.

ಇನ್ಷೂರೆನ್ಸ್ ವಿಷಯದಲ್ಲಿ ಜನ ಜಾಸ್ತಿ ಎಡವುತ್ತಾರೆ. ಆರ್‌ಸಿ ಬರಲಿ ಅಂತ ಕಾಯಬೇಡಿ, ಗಾಡಿ ನಿಮಗೆ ವರ್ಗವಾದ ದಿನದಿಂದ 14 ದಿನದೊಳಗೆ ಪಾಲಿಸಿಯಲ್ಲೂ ಹೆಸರು ಬದಲಿಸಲು ಅರ್ಜಿ ಕೊಡಬೇಕು. ಎದುರಿನವರಿಗೆ ಏನಾದರೂ ಆದರೆ ಕೊಡುವ ಭಾಗ ತಾನಾಗಿ ನಿಮಗೆ ಬರುತ್ತದೆ. ನಿಮ್ಮ ಗಾಡಿಯ ರಿಪೇರಿ ಭಾಗ ತಾನಾಗಿ ಬರುವುದಿಲ್ಲ. ಹಿಂದಿನವರ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದೆ ಇದ್ದದ್ದಕ್ಕೆ ಸಿಗುವ ರಿಯಾಯಿತಿ, ಕೂಡ ನಿಮಗೆ ಬರುವುದಿಲ್ಲ. ಅದು ಗಾಡಿಯದ್ದಲ್ಲ, ಆ ಮನುಷ್ಯರದ್ದು. ಆ ರಿಯಾಯಿತಿಯ ದುಡ್ಡನ್ನು ಹೆಸರು ಬದಲಿಸುವಾಗ ನೀವು ತುಂಬಬೇಕು. ಫಾಸ್ಟ್ಯಾಗ್ ಕೂಡ ಹಳಬರದ್ದನ್ನು ಮುಚ್ಚಿಸಿ ನಿಮ್ಮದು ಹೊಸದು ಹಾಕಿಸಿ. ಇಲ್ಲದಿದ್ದರೆ ನೀವು ಕ್ಯಾತ್ಸಂದ್ರ ಟೋಲ್ ದಾಟಿದಾಗಲೆಲ್ಲ ಅವರ ಫೋನಿಗೆ ಮೆಸೇಜು ಹೋಗುತ್ತದೆ, ನಿಮಗೆ ಅವರಿಂದ ಫೋನು ಬರುತ್ತದೆ.

ಇಲ್ಲಿ ಗ್ಯಾರಂಟಿ ಅಂತ ಏನೂ ಇಲ್ಲ. ಮನೆಯ ಗಾಡಿಯೊಂದನ್ನು ಮಾರಿದ ಸಾಮಾನ್ಯ ಮನುಷ್ಯರು ವ್ಯಾಪಾರಿಯಲ್ಲ, ಅವರ ಮೇಲೆ ಗ್ರಾಹಕರ ಆಯೋಗಕ್ಕೆ ಹೋಗಲೂ ದಾರಿಯಿಲ್ಲ. ಉಳಿಯುವ ದುಡ್ಡಿನಲ್ಲಿ ಒಂದಿಷ್ಟನ್ನು ರಿಪೇರಿಗೆ ಅಂತ ಪಕ್ಕಕ್ಕೆ ಎತ್ತಿಡಿ. ನಾನು ಎರಡನೇ ಸಲ ನಲವತ್ತು ಸಾವಿರ ಎತ್ತಿಟ್ಟೆ. ಟೈರು, ಬ್ಯಾಟರಿ, ಒಂದು ಪೂರ್ತಿ ಸರ್ವಿಸ್, ಅಷ್ಟಕ್ಕೇ ಬಹುಪಾಲು ಹೋಯಿತು.

ಕನ್ಸಲ್ಟೆಂಟ್

ಎಲ್ಲರೂ ಮೋಸಗಾರರು ಅಂತ ಹೇಳುವುದಿಲ್ಲ. ಇಪ್ಪತ್ತು ವರ್ಷದಿಂದ ಅದೇ ಜಾಗದಲ್ಲಿ ಕೂತು, ಅದೇ ಊರಿನವರಿಗೆ ಗಾಡಿ ಕೊಡುವವರಿಗೆ ಹೆಸರೇ ಬಂಡವಾಳ. ತೊಂದರೆ ಇರುವುದು ನಡುವೆ ನಿಂತು ಎರಡೂ ಕಡೆ ಕಮಿಷನ್ ಎತ್ತುವವರಲ್ಲಿ. ಅವರಿಗೆ ಗಾಡಿ ಸ್ವಂತದ್ದಲ್ಲ, ಹಾಗಾಗಿ ಹೊಣೆಯೂ ಸ್ವಂತದ್ದಲ್ಲ. ಓನರ್ ಸಹಿ ಹಾಕಿಕೊಟ್ಟ ಖಾಲಿ ಫಾರಂ ಇಟ್ಟುಕೊಂಡು ತಿಂಗಳುಗಟ್ಟಲೆ ಮಾರುತ್ತಿರುತ್ತಾರೆ. ನನ್ನ ಆರ್‌ಸಿ ಏಳು ತಿಂಗಳು ಸಿಕ್ಕಿಬಿದ್ದದ್ದು ಹೀಗೇ. ಹಾಕಿದ್ದ ಸಹಿ ಹೊಂದಲಿಲ್ಲ, ಮೂಲ ಓನರ್ ಅಷ್ಟರಲ್ಲಿ ಊರು ಬಿಟ್ಟಿದ್ದರು.

ಇದನ್ನು ಸರಿಮಾಡಲು ಕೇಂದ್ರ ಸಾರಿಗೆ ಇಲಾಖೆ 2022ರ ಡಿಸೆಂಬರಿನಲ್ಲಿ ಒಂದು ನಿಯಮ ತಂದಿತು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೆ ಗಾಡಿ ವ್ಯಾಪಾರ ಮಾಡುವವರು ಆರ್‌ಟಿಒದಿಂದ ಅಧಿಕೃತ ಡೀಲರ್ ಅಂತ ಸರ್ಟಿಫಿಕೇಟ್ ಪಡೆಯಬೇಕು. ಓನರ್ ಗಾಡಿಯನ್ನು ಅಂಥವರಿಗೆ ಒಪ್ಪಿಸಿದಾಗ ಫಾರಂ 29ಸಿ ಮೂಲಕ ಆರ್‌ಟಿಒಗೆ ತಿಳಿಸಬೇಕು. ಅಲ್ಲಿಂದ ಆ ಗಾಡಿಯ ಹೊಣೆ ಡೀಲರಿನದ್ದು. ಓಡಾಟದ ಲೆಕ್ಕವನ್ನೂ ಅವರು ಇಡಬೇಕು. ಅಂದರೆ ನೀವು ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯಲ್ಲ, "ನಿಮ್ಮ ಹತ್ತಿರ ಆರ್‌ಟಿಒ ಸರ್ಟಿಫಿಕೇಟ್ ಇದೆಯಾ?" ಇದ್ದರೆ ಮುಂದಿನ ಮಾತು. ಇಲ್ಲ ಅಂದರೆ ಅವರು ಬ್ರೋಕರ್ ಅಷ್ಟೇ, ಬ್ರೋಕರಿಗೆ ಕೊಡುವಷ್ಟೇ ಕೊಡಿ. ಟೋಕನ್ ಅಡ್ವಾನ್ಸ್ ಕೊಟ್ಟರೆ ಗಾಡಿ ನಂಬರ್, ಒಪ್ಪಿದ ಬೆಲೆ, ಮೀಟರಿನ ಕಿಲೋಮೀಟರ್, ಆರ್‌ಸಿ ಯಾವ ತಾರೀಕಿನೊಳಗೆ ಅನ್ನೋದನ್ನೆಲ್ಲ ಬರೆಸಿಕೊಳ್ಳಿ. ಪೂರ್ತಿ ದುಡ್ಡು ಕೊಡಬೇಡಿ. ಹತ್ತು ಹದಿನೈದು ಸಾವಿರವನ್ನಾದರೂ ಆರ್‌ಸಿ ಕೈಗೆ ಬರುವವರೆಗೆ ಹಿಡಿದಿಟ್ಟುಕೊಳ್ಳಿ. ಅಷ್ಟು ಬಾಕಿ ಇದ್ದರೆ ಫೋನ್ ತಾನಾಗಿ ಎತ್ತುತ್ತಾರೆ.

ಕಂಪನಿಯ ಹಳೆ ಕಾರು ಮಳಿಗೆ

ಮಾರುತಿಯ ಟ್ರೂ ವ್ಯಾಲ್ಯೂ 2001ರಿಂದ ಇದೆ. ಹುಂಡೈ, ಟೊಯೊಟಾ, ಹೋಂಡಾದವರೂ ತಮ್ಮ ತಮ್ಮ ಹೆಸರಿನಲ್ಲಿ ನಡೆಸುತ್ತಾರೆ. ಹೊಸ ಕಾರು ಕೊಳ್ಳುವವರು ಎಕ್ಸ್‌ಚೇಂಜ್‌ಗೆ ಬಿಟ್ಟ ಗಾಡಿಗಳೇ ಇಲ್ಲಿ ಜಾಸ್ತಿ. ಟ್ರೂ ವ್ಯಾಲ್ಯೂನವರು 376 ಅಂಶ ಪರೀಕ್ಷೆ ಮಾಡುತ್ತೇವೆ, ಸರ್ಟಿಫೈಡ್ ಗಾಡಿಗೆ ಒಂದು ವರ್ಷದವರೆಗೆ ವಾರಂಟಿ, ಮೂರು ಉಚಿತ ಸರ್ವಿಸ್ ಅನ್ನುತ್ತಾರೆ. ಸರ್ಟಿಫೈಡ್ ಅನ್ನೋ ಪದ ಗಮನಿಸಿ. ಅದೇ ಅಂಗಳದಲ್ಲಿ ಸರ್ಟಿಫೈಡ್ ಅಲ್ಲದ ಗಾಡಿಯೂ ನಿಂತಿರಬಹುದು. ಮಿರಮಿರ ಮಿಂಚುವುದು ಎರಡೂ ಒಂದೇ ತರಹ.

ಇಂಥ ವಾರಂಟಿ ಸಾಮಾನ್ಯವಾಗಿ ಎಂಜಿನ್, ಗೇರ್‌ಬಾಕ್ಸಿನ ಮುಖ್ಯ ಭಾಗಗಳಿಗೆ. ಕ್ಲಚ್, ಬ್ರೇಕ್ ಪ್ಯಾಡ್, ಟೈರು, ಬ್ಯಾಟರಿ ಸವೆಯುವ ಸಾಮಾನು, ಅವು ಬರುವುದಿಲ್ಲ. ಹಾಗಾದರೆ ನನ್ನ ಕ್ಲಚ್ಚಿಗೆ ಇಲ್ಲಿಯೂ ದುಡ್ಡು ನನ್ನದೇ ಹೋಗುತ್ತಿತ್ತು, ಅಲ್ವಾ? ಹೌದು. ಆದರೆ ಲಕ್ಷ ದಾಟಿದ ಗಾಡಿಯನ್ನು ಐವತ್ತು ಸಾವಿರ ಅಂತ ನನಗೆ ಮಾರುವುದು ಇಲ್ಲಿ ಕಷ್ಟವಿತ್ತು. ಕಂಪನಿಯ ಕಂಪ್ಯೂಟರಿನಲ್ಲಿ ಆ ಗಾಡಿಯ ಪ್ರತಿ ಸರ್ವಿಸಿನ ಕಿಲೋಮೀಟರ್ ಇರುತ್ತದೆ. ನಿಮ್ಮ ಎದುರಿಗೇ ಅದನ್ನು ತೆಗೆದು ತೋರಿಸಿ ಅನ್ನಿ. ಗಾಡಿ ಬೇರೆ ಬ್ರ್ಯಾಂಡಿನದ್ದಾದರೆ ಆ ಲೆಕ್ಕ ಇವರ ಹತ್ತಿರ ಇರುವುದಿಲ್ಲ. ಮಾರುತಿ ಮಳಿಗೆಯಲ್ಲಿ ಮಾರುತಿ, ಹುಂಡೈ ಮಳಿಗೆಯಲ್ಲಿ ಹುಂಡೈ ಕೊಳ್ಳಿ ಅನ್ನೋದು ಅದಕ್ಕೇ.

ಬಿಲ್ಲು ಕೊಡುವ ವ್ಯಾಪಾರಿಯಾದ್ದರಿಂದ ಜಗಳ ಬಂದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೂ ಇಲ್ಲ. 50 ಲಕ್ಷದವರೆಗಿನ ವ್ಯವಹಾರ ಜಿಲ್ಲೆಯಲ್ಲೇ ತೀರ್ಮಾನವಾಗುತ್ತದೆ.

ಜಿಎಸ್‌ಟಿ ಬಗ್ಗೆ ಒಂದು ಗಾಳಿಮಾತಿದೆ. ಹಳೆ ಕಾರಿನ ಪೂರ್ತಿ ಬೆಲೆ ಮೇಲೆ ಶೇ. 18 ಅಂತ. ಹಾಗಲ್ಲ. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಕೌನ್ಸಿಲ್ ಹೇಳಿದ್ದು ವ್ಯಾಪಾರಿಯ ಲಾಭದ ಮೇಲೆ ಶೇ. 18. ಮೂರೂವರೆ ಲಕ್ಷಕ್ಕೆ ಕೊಂಡು ನಾಲ್ಕಕ್ಕೆ ಮಾರಿದರೆ 50 ಸಾವಿರದ ಮೇಲೆ 9 ಸಾವಿರ. ಅಷ್ಟು ಬೆಲೆಯಲ್ಲಿ ಸೇರಿರುತ್ತದೆ. ಮನೆಯ ಓನರ್ ನಿಮಗೆ ಮಾರಿದರೆ ಅದೂ ಇಲ್ಲ.

ಆನ್‌ಲೈನ್ ಕಂಪನಿಗಳೂ ಹೆಚ್ಚುಕಡಿಮೆ ಇದೇ ಸಾಲಿಗೆ ಸೇರುತ್ತವೆ. ಬೆಲೆಯಲ್ಲಿ ಚೌಕಾಸಿ ಇಲ್ಲ, ಕೆಲವೇ ದಿನದೊಳಗೆ ವಾಪಸ್ ಕೊಡುವ ಅವಕಾಶ ಇರುತ್ತದೆ. ನಮಗೆ ಒಂದೇ ಕಷ್ಟ, ಗಾಡಿ ನೋಡಲು ಬೆಂಗಳೂರಿಗೆ ಹೋಗಬೇಕು, ತೊಂದರೆಯಾದರೆ ಮತ್ತೆ ಎಪ್ಪತ್ತು ಕಿಲೋಮೀಟರ್. ಬ್ಯಾಂಕಿನವರು ಜಪ್ತಿ ಮಾಡಿ ಹರಾಜು ಹಾಕುವ ಗಾಡಿ ನನ್ನಂಥವರಿಗಲ್ಲ. ಓಡಿಸಿ ನೋಡಲು ಬಿಡುವುದಿಲ್ಲ, ತಿಂಗಳುಗಟ್ಟಲೆ ಬಿಸಿಲಲ್ಲಿ ನಿಂತಿರುತ್ತದೆ. ಗ್ಯಾರೇಜ್ ಇಟ್ಟವರು ಬೇಕಾದರೆ ಹೋಗಲಿ.

ಬೈಬ್ಯಾಕ್ ಅಂದರೆ ಏನು?

ಈಗ ಶೋರೂಂಗೆ ಹೋದರೆ ಈ ಪದ ಕಿವಿಗೆ ಬೀಳುತ್ತದೆ. "ಹಳೇದು ಯಾಕೆ ಸಾರ್, ಹೊಸದೇ ತಗೊಳ್ಳಿ, ಮೂರು ವರ್ಷಕ್ಕೆ ಕಂಪನಿನೇ ವಾಪಸ್ ತಗೊಳ್ಳುತ್ತೆ." ಉದಾಹರಣೆಗೆ ಎಂಜಿ ಕಂಪನಿ 2024ರಲ್ಲಿ ವಿಂಡ್ಸರ್ ಎಲೆಕ್ಟ್ರಿಕ್ ಕಾರು ಬಿಟ್ಟಾಗ ಮೂರು ವರ್ಷಕ್ಕೆ ಶೇ. 60ರಷ್ಟು ಬೆಲೆ ಖಾತ್ರಿ ಅಂತ ಹೇಳಿತು. ಎಲೆಕ್ಟ್ರಿಕ್ ಕಾರಿನ ಮರುಮಾರಾಟದ ಬೆಲೆ ಏನಾಗುತ್ತೋ ಅನ್ನೋ ಭಯಕ್ಕೆ ಅದು ಮದ್ದು. ಕಲ್ಪನೆ ಚೆನ್ನಾಗಿದೆ. ಮೇಲಿನ ನಮ್ಮ ಪ್ರಶ್ನೆಗೂ ಉತ್ತರ ಕೊಡುತ್ತದೆ: ಬೆಲೆ ಕುಸಿಯುವ ತಲೆನೋವನ್ನು ಕಂಪನಿ ಹೊರುತ್ತದೆ.

ಆದರೆ ಶೇ. 60 ಯಾವುದರ ಮೇಲೆ? ಇಂಥ ಸ್ಕೀಮುಗಳು ಸಾಮಾನ್ಯವಾಗಿ ಎಕ್ಸ್ ಶೋರೂಂ ಬೆಲೆಯ ಮೇಲೆ ಲೆಕ್ಕ ಹಾಕುತ್ತವೆ. ನೀವು ಕೊಟ್ಟಿರುವುದು ಆನ್‌ರೋಡ್. 10 ಲಕ್ಷದ ಪೆಟ್ರೋಲ್ ಕಾರಿಗೆ ಲೈಫ್ ಟ್ಯಾಕ್ಸ್, ಇನ್ಷೂರೆನ್ಸ್ ಎಲ್ಲ ಸೇರಿ ಹನ್ನೆರಡು ಲಕ್ಷದ ಹತ್ತಿರ ಬಂದಿತು ಅಂದುಕೊಳ್ಳಿ. ವಾಪಸ್ ಬರುವ 6 ಲಕ್ಷ ನಿಮ್ಮ ಜೇಬಿನಿಂದ ಹೋದದ್ದರಲ್ಲಿ ಅರ್ಧ. ಸಾಲದ ಬಡ್ಡಿ ಬೇರೆ. ಅದೇ ಮೂರು ವರ್ಷದ ಒಳ್ಳೆಯ ಮಾರುತಿಯನ್ನೋ ಟೊಯೊಟಾವನ್ನೋ ಹೊರಗೆ ಮಾರಿದರೆ ಅದಕ್ಕಿಂತ ಜಾಸ್ತಿ ಸಿಗಬಹುದು. ಬೇಗ ಬೆಲೆ ಕಳೆದುಕೊಳ್ಳುವ ಗಾಡಿಗೆ ಮಾತ್ರ ಈ ಖಾತ್ರಿ ಲಾಭ. ಷರತ್ತುಗಳನ್ನೂ ಓದಿ: ಎಷ್ಟು ಕಿಲೋಮೀಟರ್ ಮಿತಿ, ಸರ್ವಿಸ್ ಎಲ್ಲ ಅವರಲ್ಲೇ ಆಗಿರಬೇಕಾ, ಗೀಚಿದ ಗುರುತಿಗೆ ಎಷ್ಟು ಕಡಿತ, ಎಷ್ಟು ದಿನದೊಳಗೆ ವಾಪಸ್ ಕೊಡಬೇಕು. ದಿನಾ ತುಮಕೂರಿನಿಂದ ಪೀಣ್ಯಕ್ಕೆ ಹೋಗಿ ಬರುವವರು ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರ್ ಸುಲಭವಾಗಿ ದಾಟುತ್ತಾರೆ. ಅಂಥವರಿಗೆ ಈ ಸ್ಕೀಮು ಮಿತಿಯಲ್ಲೇ ಮುಗಿದುಹೋಗುತ್ತದೆ.

ಹೀಗೆ ವಾಪಸ್ ಹೋದ ಗಾಡಿ ಆಮೇಲೆ ನಮ್ಮಂಥ ಹಳೆ ಕಾರು ಕೊಳ್ಳುವವರ ಕೈಗೇ ಬರುವುದು. ಒಬ್ಬರೇ ಓನರ್, ಸರ್ವಿಸ್ ಲೆಕ್ಕ ಪೂರ್ತಿ, ಓಡಿದ್ದು ಮಿತಿಯೊಳಗೆ. ಇದಕ್ಕಿಂತ ಒಳ್ಳೆಯ ಹಳೆ ಗಾಡಿ ಎಲ್ಲಿ ಸಿಗುತ್ತೆ? ಎಲೆಕ್ಟ್ರಿಕ್ ಆದರೆ ಮಾತ್ರ ಬ್ಯಾಟರಿ ವಾರಂಟಿ ಪತ್ರ ಓದಿ. ವಿಂಡ್ಸರ್ ಬ್ಯಾಟರಿಗೆ ಜೀವನಪೂರ್ತಿ ವಾರಂಟಿ ಅನ್ನೋದು ಮೊದಲ ಓನರಿಗೆ. ಎರಡನೆಯವರಿಗೆ ಅದು ವರ್ಷ ಮತ್ತು ಕಿಲೋಮೀಟರಿನ ಲೆಕ್ಕಕ್ಕೆ ಇಳಿಯುತ್ತದೆ.

ಬೈಬ್ಯಾಕಿಗೆ ಇನ್ನೊಂದು ಅರ್ಥವೂ ಇದೆ. ತಪ್ಪು ಮಾಡಿದ ಕಂಪನಿ ಗಾಡಿಯನ್ನೇ ವಾಪಸ್ ಕೊಳ್ಳುವುದು. ಅಮೆರಿಕದಲ್ಲಿ ಪದೇಪದೇ ಕೆಡುವ ಹೊಸ ಕಾರನ್ನು ಕಂಪನಿ ವಾಪಸ್ ಪಡೆಯಬೇಕು ಅಂತ ರಾಜ್ಯಗಳ ಕಾನೂನೇ ಇದೆ. ಅಲ್ಲಿ ದೊಡ್ಡ ಬೈಬ್ಯಾಕ್ ಅಂದರೆ ಫೋಕ್ಸ್‌ವ್ಯಾಗನ್ ಡೀಸೆಲ್ ಹಗರಣದ್ದು. ಹೊಗೆ ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ಕಡಿಮೆ ಮಾಡುವ ಸಾಫ್ಟ್‌ವೇರ್ ಹಾಕಿದ್ದು 2015ರಲ್ಲಿ ಬಯಲಾಯಿತು. 2016ರ ಒಪ್ಪಂದದಂತೆ ಕಂಪನಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕೊಂಡಿತು, ಅದೂ ಹಗರಣ ಬಯಲಾಗುವ ಮುಂಚಿನ ಬೆಲೆಯ ಲೆಕ್ಕದಲ್ಲಿ. ಇಡಲು ಜಾಗ ಸಾಲದೆ ಮಿಚಿಗನ್ ರಾಜ್ಯದ ಪಾಂಟಿಯಾಕ್‌ನ ಹಳೆ ಸ್ಟೇಡಿಯಂ ಅಂಗಳದಲ್ಲೂ ಸಾಲಾಗಿ ನಿಲ್ಲಿಸಿದ್ದರು. ನಮ್ಮ ದೇಶದಲ್ಲಿ ಆಗ ಬೈಬ್ಯಾಕ್ ಇರಲಿಲ್ಲ. 3,23,700 ಕಾರು ಕರೆಸಿ ಸಾಫ್ಟ್‌ವೇರ್ ಸರಿಮಾಡುತ್ತೇವೆ ಅಂತ 2015ರ ಡಿಸೆಂಬರಿನಲ್ಲಿ ಹೇಳಿದರು. ಆ ಕಾಲದ ಡೀಸೆಲ್ ಪೋಲೊ, ವೆಂಟೊ ನೋಡುತ್ತಿದ್ದರೆ ಆ ಕೆಲಸ ಆಗಿದೆಯಾ ಅಂತ ಕೇಳಿ.

ನಮ್ಮಲ್ಲಿ ಗಟ್ಟಿಯಾಗಿರುವುದು ರಿಕಾಲ್, ಅಂದರೆ ದೋಷ ಕಂಡ ಗಾಡಿಗಳನ್ನು ಕಂಪನಿ ಕರೆಸಿ ಸರಿಮಾಡಿಕೊಡುವುದು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಸರ್ಕಾರವೇ ರಿಕಾಲ್ ಮಾಡಿಸಲು ಅಧಿಕಾರ ಬಂತು. ರಿಕಾಲ್ ಕೆಲಸ ಉಚಿತ, ನೀವು ಎಷ್ಟನೇ ಓನರ್ ಆದರೂ. ಮನೆಮಂದಿಗೆಲ್ಲ ಸರಿಹೋಗುವ ಎರ್ಟಿಗಾ ಹುಡುಕುವವರು ಇದನ್ನು ಗುರುತು ಹಾಕಿಕೊಳ್ಳಿ: 2018ರ ಮೇ 4ರಿಂದ 2020ರ ಅಕ್ಟೋಬರ್ 27ರ ನಡುವೆ ತಯಾರಾದ ಕೆಲವು ಪೆಟ್ರೋಲ್ ಎರ್ಟಿಗಾ, ಸಿಯಾಜ್, ಬ್ರೆಜಾ, ಎಸ್-ಕ್ರಾಸ್, ಎಕ್ಸ್‌ಎಲ್6 ಸೇರಿ 1,81,754 ಕಾರುಗಳನ್ನು ಮಾರುತಿ 2021ರಲ್ಲಿ ಕರೆಸಿತ್ತು. ಮೋಟಾರ್ ಜನರೇಟರ್ ಯೂನಿಟ್ ಪರೀಕ್ಷಿಸಲು. ಚಾಸಿ ನಂಬರ್ ಕೊಟ್ಟರೆ ಆ ಗಾಡಿ ಅದರಲ್ಲಿತ್ತಾ, ಕೆಲಸ ಆಗಿದೆಯಾ ಅಂತ ಸರ್ವಿಸ್ ಸೆಂಟರಿನಲ್ಲಿ ಹೇಳುತ್ತಾರೆ.

ಯಾವ ವರ್ಷದ ಗಾಡಿ?

ಮಾಡೆಲಿಗಿಂತ ನಾನು ಮೊದಲು ವರ್ಷ ನೋಡುತ್ತೇನೆ. 2019ರ ಏಪ್ರಿಲ್ ನಂತರದ ಕಾರುಗಳಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ವ್ಯವಸ್ಥೆ) ಕಡ್ಡಾಯ, ಅದೇ ಜುಲೈನಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ. 2022ರ ಜನವರಿಯಿಂದ ಪಕ್ಕದ ಸೀಟಿಗೂ ಏರ್‌ಬ್ಯಾಗ್. ಮಕ್ಕಳನ್ನು ಕೂರಿಸಿಕೊಂಡು ದಿನಾ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ನಡುವೆ ಹೋಗುವವರು 2019ಕ್ಕಿಂತ ಹಳೆಯ, ಕಡಿಮೆ ಬೆಲೆಯ ವೇರಿಯಂಟ್ ಕೊಳ್ಳಬೇಡಿ ಅಂತಲೇ ಹೇಳುತ್ತೇನೆ. ನಾನೇ ಕೊಂಡಿದ್ದೆ ಬಿಡಿ.

ಡೀಸೆಲ್ ಬೇಕು ಅನ್ನುವವರಿಗೆ ಒಂದು ಮಾತು. 2020ರ ಏಪ್ರಿಲಿನಲ್ಲಿ ಬಿಎಸ್ 6 ಅನ್ನೋ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಬಿಟ್ಟೇಬಿಟ್ಟಿತು. ಬಿಎಸ್ 6 ಡೀಸೆಲ್ಲಿನ ಹೊಗೆ ಫಿಲ್ಟರಿಗೆ ಆಗಾಗ ಉದ್ದದ ಓಟ ಬೇಕು. ಸ್ಕೂಲು, ಮಾರ್ಕೆಟ್ಟು, ಟೌನ್‌ಹಾಲ್ ಅಂತ ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸುವವರಿಗೆ ಅದು ಕಟ್ಟಿಕೊಳ್ಳುತ್ತದೆ. ಪಾವಗಡದಿಂದ ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗುವವರಿಗೆ ಡೀಸೆಲ್ ಸರಿ.

ಪಾವಗಡ ಅಂದಾಗ ನೆನಪಾಯಿತು. ಹಿಂದೂಪುರ, ಮಡಕಶಿರಾ ಕಡೆಯ ಎಪಿ ನಂಬರಿನ ಗಾಡಿ ನಮ್ಮ ಕಡೆ ಅಗ್ಗಕ್ಕೆ ಸಿಗುತ್ತದೆ. ಅಲ್ಲಿಯ ಆರ್‌ಟಿಒ ಎನ್‌ಒಸಿ ತರಬೇಕು, ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಲೈಫ್ ಟ್ಯಾಕ್ಸ್ ಮತ್ತೆ ಕಟ್ಟಬೇಕು, ಕೆಎ ನಂಬರ್ ಮಾಡಿಸಬೇಕು. ಇದನ್ನೆಲ್ಲ ಸೇರಿಸಿ ನೋಡಿದರೆ ಅಗ್ಗ ಉಳಿಯುವುದಿಲ್ಲ. ದೆಹಲಿಯಿಂದ ಬರುವ ದೊಡ್ಡ ಡೀಸೆಲ್ ಗಾಡಿಗಳ ಕಥೆಯೂ ಅದೇ. ಅಲ್ಲಿ ಹತ್ತು ವರ್ಷದ ಡೀಸೆಲ್ ಮೇಲೆ ನಿರ್ಬಂಧ ಬಂದದ್ದಕ್ಕೇ ಅವು ಇಷ್ಟು ದೂರ ಬಂದಿರುವುದು.

ಹದಿಮೂರು ಹದಿನಾಲ್ಕು ವರ್ಷದ ಗಾಡಿ ಒಂದೂವರೆ ಲಕ್ಷಕ್ಕೆ ಸಿಕ್ಕಿತು ಅಂತ ಕುಣಿಯಬೇಡಿ. ಆರ್‌ಸಿ ಅವಧಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ಮತ್ತೆ ಮಾಡಿಸಬೇಕು. 2022ರ ಏಪ್ರಿಲಿನಿಂದ ಕಾರಿಗೆ ಅದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. ಹಸಿರು ತೆರಿಗೆ ಬೇರೆ.

ಅಂಗಡಿ ಮುಚ್ಚಿದ ಕಂಪನಿಗಳ ಗಾಡಿ ಬೆಲೆ ನೋಡಿ ಮನಸ್ಸು ಕರಗುತ್ತದೆ. ಷೆವರ್ಲೆ 2017ರ ಕೊನೆಗೆ ಮಾರಾಟ ನಿಲ್ಲಿಸಿತು, ಫೋರ್ಡ್ 2021ರಲ್ಲಿ. ಫೋರ್ಡ್ ಗಾಡಿಗಳು ಗಟ್ಟಿ, ಅದರಲ್ಲಿ ಅನುಮಾನವಿಲ್ಲ. ಬಂಪರ್ ಒಡೆದರೆ ಬಿಡಿಭಾಗಕ್ಕೆ ಎಷ್ಟು ದಿನ ಕಾಯುತ್ತೀರಿ ಅನ್ನೋದು ನಿಮಗೆ ಬಿಟ್ಟದ್ದು.

ಇನ್ನೊಂದು: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು, ಸೆಸ್ ಹೋಯಿತು. ಹಳೆ ಗಾಡಿ ಮಾರುವವರು ಮಾತ್ರ ಹಿಂದಿನ ಹೊಸ ಬೆಲೆಯನ್ನೇ ಹೇಳುತ್ತಿರುತ್ತಾರೆ. ಹೋಗುವ ಮುಂಚೆ ಅದೇ ಮಾಡೆಲಿನ ಇವತ್ತಿನ ಹೊಸ ಬೆಲೆ ಕೇಳಿಕೊಂಡು ಹೋಗಿ. ಎರಡು ವರ್ಷದ ಹಳೆಯದ್ದಕ್ಕೂ ಹೊಸದಕ್ಕೂ ಒಂದು ಲಕ್ಷದಷ್ಟೇ ವ್ಯತ್ಯಾಸ ಇದ್ದರೆ ಹೊಸದನ್ನೇ ನೋಡಿ. ಹಳೆ ಕಾರಿನ ಸಾಲಕ್ಕೆ ಬಡ್ಡಿಯೂ ಜಾಸ್ತಿ.

ಗಾಡಿ ನೋಡುವಾಗ

ಬೆಳಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ. ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಬಾನೆಟ್ ಮೇಲೆ ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ.

ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ. ಕೊನೆಯ ಅಡಿಯಲ್ಲಿ ಕೆಸರಿನ ಕಲೆ ಇದ್ದರೆ ಗಾಡಿ ನೀರಲ್ಲಿ ಮುಳುಗಿತ್ತು. ಸ್ಟೆಪ್ನಿ ಎತ್ತಿ ಅದರ ಗುಂಡಿ ನೋಡಿ, ಸೀಟಿನ ಕೆಳಗಿನ ಹಳಿಯ ತುಕ್ಕು ನೋಡಿ. ಬೆಂಗಳೂರು ನಂಬರಿನ ಗಾಡಿಗೆ ಇದು ಮುಖ್ಯ. 2021ರ ನವೆಂಬರಿನಲ್ಲಿ ಯಲಹಂಕ ಕಡೆ, 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಕಡೆ ಎಷ್ಟೊಂದು ಕಾರು ನೆಲಮಾಳಿಗೆಯಲ್ಲೇ ಮುಳುಗಿದವು. ಅವೆಲ್ಲ ಗುಜರಿಗೆ ಹೋದವು ಅಂದುಕೊಂಡಿದ್ದೀರಾ?

ಈಗಿನ ಇನ್ಷೂರೆನ್ಸ್ ಪಾಲಿಸಿಯಲ್ಲಿ ನೋ ಕ್ಲೇಮ್ ಬೋನಸ್ ಎಷ್ಟಿದೆ ನೋಡಿ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇ. 50 ಇರುತ್ತದೆ. ಒಬ್ಬರೇ ಓನರ್, ಆರು ವರ್ಷದ ಗಾಡಿ, "ಒಂದು ಗೀರೂ ಬಿದ್ದಿಲ್ಲ" ಅನ್ನುವವರ ಪಾಲಿಸಿಯಲ್ಲಿ ಬೋನಸ್ ಸೊನ್ನೆ ಇದ್ದರೆ ಹಿಂದಿನ ವರ್ಷ ಏನೋ ಆಗಿದೆ, ಇಲ್ಲವೇ ಪಾಲಿಸಿ ಬಿಟ್ಟುಹೋಗಿತ್ತು. ಟೈರಿನ ಮೇಲೆ ನಾಲ್ಕು ಅಂಕಿ ಇರುತ್ತದೆ. 3219 ಅಂದರೆ 2019ರ 32ನೇ ವಾರ. ಮೂವತ್ತು ಸಾವಿರ ಓಡಿದೆ ಅನ್ನುವ ಗಾಡಿಗೆ ನಾಲ್ಕೂ ಹೊಸ ಟೈರು ಯಾಕೆ ಬಂತು ಅಂತ ಕೇಳಿ. ಮೀಟರ್ ಹಿಂದಕ್ಕೆ ತಿರುಗಿಸಬಹುದು, ಸವೆದ ಪೆಡಲ್ ರಬ್ಬರನ್ನೂ ನುಣ್ಣಗಾದ ಸ್ಟೀರಿಂಗನ್ನೂ ತಿರುಗಿಸಲು ಆಗುವುದಿಲ್ಲ. ನಾನು ಅಂದು ಪೆಡಲ್ ನೋಡಿರಲಿಲ್ಲ. ಡಿಜೈರ್, ಇಟಿಯೋಸ್, ಎರ್ಟಿಗಾ ಆದರೆ ಹಿಂದೆ ಯೆಲ್ಲೋ ಬೋರ್ಡ್ ಆಗಿತ್ತಾ ಅಂತ ಆರ್‌ಟಿಒ ದಾಖಲೆಯಲ್ಲಿ ನೋಡಿಸಿ.

ಓಡಿಸಿ ನೋಡಲು ನಮ್ಮ ಊರಿನಷ್ಟು ಒಳ್ಳೆಯ ಜಾಗ ಇಲ್ಲ. ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿಸಿ "ಸಾಕಾ ಸಾರ್" ಅಂತ ಕೇಳುತ್ತಾರೆ. ಸಾಲದು. ದೇವರಾಯನದುರ್ಗಕ್ಕೆ ಹೋಗೋಣ ಅನ್ನಿ. ಕೆಳಗಿನ ಭೋಗನರಸಿಂಹ ದೇವಸ್ಥಾನದಿಂದ ಮೇಲಕ್ಕೆ ಏರುವ ತಿರುವುಗಳಲ್ಲಿ ಎಸಿ ಹಾಕಿಕೊಂಡು, ನಾಲ್ಕು ಜನ ಕೂತು ಎರಡನೇ ಗೇರಿನಲ್ಲಿ ಹತ್ತಿಸಿ. ಎಂಜಿನ್ ಸದ್ದು ಏರಿ ಗಾಡಿ ಮಾತ್ರ ಏರದಿದ್ದರೆ ಕ್ಲಚ್ ಹೋಗಿದೆ. ಮೇಲೆ ಹೋಗುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಏರಿದರೆ ಅಲ್ಲೇ ಕೈಮುಗಿದು ಬಿಡಿ. ಇಳಿಯುವಾಗ ಬ್ರೇಕು, ಸಸ್ಪೆನ್ಷನ್ನಿನ ಸದ್ದು ತಾನಾಗಿ ಕೇಳುತ್ತದೆ. ಬರುತ್ತಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಿಸಿ, ಮಾರುವವರೂ ಮಾತಿಗೆ ಸಿಗುತ್ತಾರೆ. ನಂಬಿಕೆಯ ಮೆಕ್ಯಾನಿಕ್ಕನ್ನು ಜತೆಗೆ ಕರೆದುಕೊಂಡು ಹೋಗಿ, ಅವನ ಅರ್ಧ ದಿನದ ಕೂಲಿ ಕೊಡಿ. ಮಾರುವವರೇ ಹೇಳಿದ ಮೆಕ್ಯಾನಿಕ್ ಬೇಡ.

ಹಾಗಾದರೆ ಯಾರಿಗೆ ಯಾವುದು? ಕಾಗದಪತ್ರಕ್ಕೆ ಓಡಾಡಲು ಪುರುಸೊತ್ತು, ಜತೆಗೆ ಒಬ್ಬ ಮೆಕ್ಯಾನಿಕ್ ಇದ್ದರೆ ನೇರ ಓನರ್. ಇವೆರಡೂ ಇಲ್ಲದ ನೌಕರಿಯವರು, ಒಬ್ಬರೇ ಇರುವ ಹೆಣ್ಣುಮಕ್ಕಳು, ಮೊದಲ ಸಲ ಕೊಳ್ಳುವವರು ಮುಕ್ಕಾಲು ಲಕ್ಷ ಜಾಸ್ತಿಯಾದರೂ ಕಂಪನಿ ಮಳಿಗೆಗೇ ಹೋಗಿ, ಸರ್ಟಿಫೈಡ್ ಗಾಡಿಯನ್ನೇ ಕೊಳ್ಳಿ. ಕನ್ಸಲ್ಟೆಂಟ್ ಹತ್ತಿರ ಆರ್‌ಟಿಒ ಸರ್ಟಿಫಿಕೇಟ್ ಇದ್ದು, ನಿಮಗೆ ಗೊತ್ತಿರುವ ಇಬ್ಬರು ಅವರಲ್ಲಿ ಗಾಡಿ ಕೊಂಡು ಇನ್ನೂ ಮಾತಾಡುತ್ತಿದ್ದರೆ ಮಾತ್ರ ಅಲ್ಲಿಗೆ. ಬೈಬ್ಯಾಕ್ ಎಲೆಕ್ಟ್ರಿಕ್ ಕೊಳ್ಳುವ ಮನಸ್ಸಿದ್ದು ಕಡಿಮೆ ಓಡಿಸುವವರಿಗೆ.

ನಾನು ಆ ವ್ಯಾಗನ್ ಆರ್ ಅನ್ನು ನಿಜವಾದ ಕಿಲೋಮೀಟರ್ ಹೇಳಿಯೇ ಮಾರಿದೆ, ಎಪ್ಪತ್ತು ಸಾವಿರ ಕಳೆದುಕೊಂಡು. ಕಂಪನಿ ಮಳಿಗೆಯವರು ಜಾಸ್ತಿ ಕೇಳಿದ್ದೂ ಸುಮಾರು ಅಷ್ಟೇ. ಎರಡನೆಯದಾಗಿ ಗುಬ್ಬಿಯ ಒಬ್ಬ ಓನರ್ ಕೈಯಿಂದ ಎರ್ಟಿಗಾ ತಗೊಂಡೆ. ಅದರಲ್ಲೂ ಬ್ಯಾಂಕಿನ ಹೆಸರಿತ್ತು. ಈ ಸಲ ಓಡಾಡಿದೆ.

ಈಗ ಭಾವನಿಗೆ ಕಾರು ಬೇಕಂತೆ. ಕುಣಿಗಲ್ ರೋಡಿನಲ್ಲಿ ಒಂದು ಸ್ವಿಫ್ಟ್ ಇದೆ, ಓನರ್ ಗಾಡಿ, ಭಾನುವಾರ ಬೆಳಗ್ಗೆ ಆರಕ್ಕೆ ಹೋಗುತ್ತಿದ್ದೇವೆ. ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಅವರಿಗೆ ಹೇಳಿಟ್ಟಿದ್ದೇನೆ. ಅಲ್ಲಿ ಇಳಿದ ತಕ್ಷಣ ಬೆಲೆ ಕೇಳಬೇಡಿ ಅಂತ ಭಾವನಿಗೂ ಹೇಳಿದ್ದೇನೆ, ಅದು ಮಾತ್ರ ಅವರ ಕೈಯಲ್ಲಿ ಆಗೋದು ಅನುಮಾನ.